ಗಿರಿಜತ್ತೆಯ ಹಸಿರು ಬಾಗಿಲು

ಹಸಿ ಬಣ್ಣದ ಎಣ್ಣೆವಾಸನೆ ಮೂಗಿಗೆ ಬಿದ್ದರೆ ಸಾಕು, ಎಂಬತ್ತು ದಾಟಿದ ಈ ಮುದುಕಿಯ ಬೆನ್ನು ನೆಟ್ಟಗಾಗುತ್ತದೆ. ಮೊನ್ನೆ ಮನೆಗೆ ಬಣ್ಣ ಬಳಿಯಲು ಬಂದವನು ಡಬ್ಬಿಯ ಮುಚ್ಚಳ ಎಬ್ಬಿಸಿದಾಗಲೂ ಹಾಗೇ ಆಯಿತು. “ಬಾಗಿಲಿಗೆ ಹಸಿರು ಈಗ ಯಾರೂ ಹೊಡೆಸಲ್ಲ ಅಜ್ಜಿ, ಎಲ್ಲ ಬಿಳಿ ಇಲ್ಲಾ ಬೂದಿ ಬಣ್ಣ” ಎಂದ. “ಬೂದಿನೋ ಮಣ್ಣೋ ಆಗೋಕೆ ಇನ್ನೂ ಟೈಮಿದೆ, ನೀನು ಹಸಿರು ಹಚ್ಚು ಮಾರಾಯ” ಎಂದೆ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ನರಸಿಂಹರಾಜಪುರದ ಪೇಟೆಬೀದಿಯಲ್ಲಿತ್ತು. ಮುಂದೆ ದೊಡ್ಡಪ್ಪನ ಜವಳಿ ಅಂಗಡಿ, ಹಿಂದೆ ನಾವೆಲ್ಲ. ಆಗ ಮನೆಗೆ ಬಣ್ಣವೆಂದರೆ ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು, ಅಷ್ಟೇ. ಹೊಗೆಗೆ ಕಪ್ಪಾದ ಬಾಗಿಲು ಕಪ್ಪಾಗಿಯೇ ಇರುತ್ತಿತ್ತು. ಹಸಿರು ಇದ್ದದ್ದು ಮುತ್ತೈದೆಯರ ಮೈಮೇಲೆ. ಬಳೆಗಾರ ಬಂದು ಜಗಲಿಯಲ್ಲಿ ಗಂಟು ಬಿಚ್ಚಿದರೆ ಅವ್ವ, ದೊಡ್ಡಮ್ಮ, ನಾವು ಹುಡುಗಿಯರು ಎಲ್ಲರೂ ಕೈಚಾಚಿ ಕೂರುತ್ತಿದ್ದೆವು. ಗಿರಿಜತ್ತೆ ಮಾತ್ರ ಒಳಗೇ ಉಳಿಯುತ್ತಿದ್ದಳು. ಅವಳು ಅಪ್ಪನ ತಂಗಿ. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡ ತೀರಿಕೊಂಡು, ಬಳೆ ಒಡೆಸಿಕೊಂಡು ತವರಿಗೆ ಬಂದವಳು. ನನ್ನ ತಲೆ ಬಾಚುತ್ತಿದ್ದದ್ದು ಅವಳೇ. ಅವ್ವ ಬಾಚಿದರೆ ಕಿವಿಯ ಹತ್ತಿರ ಬಳೆಗಳ ಸದ್ದು. ಅತ್ತೆ ಬಾಚಿದರೆ ಬಾಚಣಿಗೆಯ ಸದ್ದು ಮಾತ್ರ.

ಒಂದು ಸಲ ಹೊಸ ಬಳೆ ಕುಣಿಸುತ್ತ ಅವಳ ಕೋಣೆಗೆ ಓಡಿದೆ. ಅತ್ತೆ ನನ್ನ ಕೈ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗು ಹೊದ್ದು, ನನ್ನನ್ನು ಎಳೆದುಕೊಂಡು ಬೀದಿಯ ಕೊನೆಯಲ್ಲಿದ್ದ ಸಾಬರ ಅಂಗಡಿಗೆ ನಡೆದಳು. ಯುದ್ಧದ ಕಾಲ, ಯಾವ ಸಾಮಾನೂ ಸುಲಭಕ್ಕೆ ಸಿಗುತ್ತಿರಲಿಲ್ಲ. ಆದರೂ ಗಾಡಿಗಳಿಗೆ ಹಚ್ಚಿ ಉಳಿದ ಹಸಿರು ಪುಡಿ ಅವರಲ್ಲಿತ್ತು.

“ಎಂತಕ್ಕೆ ಅಕ್ಕಾ ಇದು?” ಎಂದರು ಸಾಬರು.

“ನನ್ನ ಕೋಣೆ ಬಾಗಿಲಿಗೆ.”

ಮರುದಿನ ಮಧ್ಯಾಹ್ನ ಸೆರಗು ಬಿಗಿದು, ಅಗಸೆ ಎಣ್ಣೆಯಲ್ಲಿ ಪುಡಿ ಕಲಸಿ, ನಾರಿನ ಕುಂಚದಿಂದ ಬಳಿದೇ ಬಳಿದಳು. ಆ ಬಾಗಿಲು ನಡುಮನೆಗೇ ಎದುರಾಗಿತ್ತು. ಕತ್ತಲೆ ಮನೆಯಲ್ಲಿ ಅದೊಂದು ಎಳೆ ಗದ್ದೆಯಂತೆ ಕಾಣುತ್ತಿತ್ತು. ನನಗಂತೂ ಊಟವೇ ಬೇಡವಾಯಿತು.

ಸಂಜೆ ಅಂಗಡಿ ಮುಚ್ಚಿ ಬಂದ ದೊಡ್ಡಪ್ಪ ಕೆಂಡವಾದರು. ಮಾರನೆಯ ಬೆಳಿಗ್ಗೆ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು.

“ಗಿರಿಜಾ, ಬಂದೋರು ಏನಂದ್ಕೊಂಡಾರು? ಈಗಿಂದೀಗ ಕೆರೆದು ಹಾಕು!”

ಅತ್ತೆ ಕುಂಚ ಕೆಳಗಿಡಲಿಲ್ಲ. “ಕೈಗೆ ಬ್ಯಾಡ ಅಂದ್ರಿ, ಬಿಟ್ಟೆ. ಮೈಗೆ ಬ್ಯಾಡ ಅಂದ್ರಿ, ಬಿಟ್ಟೆ. ಮರಕ್ಕೆ ಯಾವ ಗಂಡ ಸತ್ತಿದಾನೆ ಅಣ್ಣಯ್ಯ?”

ದೊಡ್ಡಪ್ಪನ ಬಲಗೈಯಲ್ಲಿ ಲಾಟೀನು. ಎಡಗೈಯಿಂದ ಬಾಗಿಲನ್ನು ರಪ್ಪನೆ ದೂಡಿದರು. ಬಣ್ಣ ಇನ್ನೂ ಹಸಿಯಿತ್ತು. ಬಾಗಿಲ ಮೇಲೆ ಕೈಯ ಅಚ್ಚು, ಅಂಗೈ ತುಂಬ ಹಸಿರು. ಸೀಗೆಪುಡಿ, ಬೂದಿ, ಸೀಮೆಎಣ್ಣೆ, ಎಲ್ಲ ಹಾಕಿ ತಿಕ್ಕಿದರೂ ಗೆರೆಗಳಲ್ಲಿ ಕೂತ ಬಣ್ಣ ಜಗ್ಗಲಿಲ್ಲ.

ನಮ್ಮದು ಲಿಂಗವಂತರ ಮನೆ. ಬೆಳಿಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು ಪೂಜಿಸದೆ ದೊಡ್ಡಪ್ಪ ನೀರೂ ಮುಟ್ಟುತ್ತಿರಲಿಲ್ಲ. ಅಂದು ಬಹಳ ಹೊತ್ತು ಆ ಕೈಯನ್ನೇ ನೋಡುತ್ತ ಕೂತರು. ಕೊನೆಗೆ ಬೇರೆ ದಾರಿಯಿಲ್ಲದೆ ಅದೇ ಹಸಿರಿನ ಮೇಲೆ ಲಿಂಗವನ್ನಿಟ್ಟುಕೊಂಡರು. ಪತ್ರೆ ತಂದಿಟ್ಟ ಅತ್ತೆ ಮೆಲ್ಲಗೆ, “ಶಿವ ಬ್ಯಾಡ ಅನ್ನಲಿಲ್ಲ ನೋಡಿ ಅಣ್ಣಯ್ಯ” ಎಂದಳು.

ದೊಡ್ಡಪ್ಪ ಕಣ್ಣು ಮುಚ್ಚಿಕೊಂಡರು. ಕೆರೆಯುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ. ಬಂದ ನೆಂಟರೂ ಬಾಗಿಲು ನೋಡಿದರು, ಹೋಳಿಗೆ ತಿಂದರು, ಹೆಣ್ಣನ್ನು ಒಪ್ಪಿಕೊಂಡು ಹೋದರು. ಅತ್ತೆ ಮುಂದೆ ಎಷ್ಟು ಸಲ ಬಣ್ಣ ಹಚ್ಚಿದರೂ ಆ ಅಂಗೈ ಗುರುತಿನ ಸುತ್ತ ಮಾತ್ರ ಹಚ್ಚುತ್ತಿದ್ದಳು.

ಈಗ ಆ ಮನೆಯಿಲ್ಲ. ಪಾಲಾಯಿತು, ಕೆಡವಿದರು, ಬಾಗಿಲು ಯಾರ ಒಲೆಗೆ ಹೋಯಿತೋ. ದೊಡ್ಡಪ್ಪನೂ ಹೋದರು. ಅತ್ತೆಯನ್ನು ಬಳೆಯಿಲ್ಲದ ಬರಿಗೈಯಲ್ಲೇ ಮಣ್ಣು ಮಾಡಿದರು. ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ನನ್ನ ಯಜಮಾನರು ತೀರಿಕೊಂಡ ದಿನ ಬಳೆ ತೆಗೆಯಲು ಬಂದವರ ಮುಂದೆ ನಾನು ಕೈ ಚಾಚಲಿಲ್ಲ.

ಬಣ್ಣದವನು ಕೆಲಸ ಮುಗಿಸಿ ಕುಂಚ ತೊಳೆಯುತ್ತಿದ್ದ. ನಾನು ಎದ್ದು ಬಾಗಿಲಿನ ಹತ್ತಿರ ಹೋಗಿ ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡೆ.

“ಅಜ್ಜೀ, ಮುಟ್ಟಬೇಡಿ! ಇನ್ನೂ ಒಣಗಿಲ್ಲ!”

“ಗೊತ್ತು ಮಾರಾಯ” ಎಂದು ಎಡ ಅಂಗೈಯನ್ನು ಗಟ್ಟಿಯಾಗಿ ಒತ್ತಿದೆ.