ಪೆಟ್ರೋಲ್ ಮುಳ್ಳು, ನನ್ನ ಬಾಯಿ

ಈ ವಯಸ್ಸಿನಲ್ಲೂ ನಾನು ಮನಸ್ಸಿಗೆ ಬಂದಷ್ಟು ಸಲ ಎಲೆ ಅಡಿಕೆ ಹಾಕುತ್ತೇನೆ. ಹಲ್ಲು ಹಾಳಾಗುತ್ತವೆ ಅಂತ ಮನೆಯವರು ಗದರುತ್ತಾರೆ. ಹಾಳಾಗಲಿ. ಪ್ರಾಯದ ದಿನಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ಮನುಷ್ಯ ನನಗೆ ಎಲೆ ಹಾಕಗೊಡಲಿಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ನಿಜಾಮರ ಆಳ್ವಿಕೆಯ ಕಡೆಗಾಲ ಅದು. ಜರ್ಮನಿಯ ಯುದ್ಧ ನಡೆದಿತ್ತು, ಪೆಟ್ರೋಲ್ ಚೀಟಿಯ ಮೇಲೆ ಸಿಗುತ್ತಿತ್ತು. ಹೈದರಾಬಾದಿನ ಒಂದು ಗ್ಯಾರೇಜಿನಲ್ಲಿ ಕೆಲಸ ಕಲಿತ ನಾನು ನಾರಾಯಣಖೇಡದ ಹತ್ತಿರದ ಒಬ್ಬ ಧಣಿಯ ವಾಡೆಗೆ ಡ್ರೈವರಾಗಿ ಬಂದಿದ್ದೆ. ಆಗ ಅವನ ಎದುರು ಬಹುವಚನ ಬಿಟ್ಟು ಮಾತಾಡಿದವನಲ್ಲ. ಈಗ ಏಕವಚನದಲ್ಲೇ ಬರೆಯುತ್ತೇನೆ, ಯಾರು ಕೇಳುತ್ತಾರೆ. ಅವನ ಮೋಟಾರು ಎರಡು ಕೈ ದಾಟಿ ಬಂದ ಹಳೆಯ ಗಾಡಿ. ಜಹೀರಾಬಾದ್ ಸ್ಟೇಷನ್ನಿಗೋ ತಾಂಡೂರು ಪೇಟೆಗೋ ಹೊರಟಾಗ ನನ್ನ ಮಗ್ಗುಲಲ್ಲೇ ಕೂರುತ್ತಿದ್ದ. ರಸ್ತೆ ನೋಡುತ್ತಿರಲಿಲ್ಲ, ಪೆಟ್ರೋಲ್ ತೋರಿಸುವ ಮುಳ್ಳನ್ನೇ ನೋಡುತ್ತಿದ್ದ.

ಒಂದು ಬೇಸಿಗೆಯಲ್ಲಿ ಆ ಮುಳ್ಳು ಬೇಗ ಬೇಗ ಇಳಿಯತೊಡಗಿತು. ಟಾಂಕಿ ತುಂಬಿಸಿದರೂ ಮುಕ್ಕಾಲಿಗೆ ನಿಲ್ಲುತ್ತಿತ್ತು, ಜಹೀರಾಬಾದ್ ಮುಟ್ಟುವಷ್ಟರಲ್ಲಿ ತಳ ಹಿಡಿಯುತ್ತಿತ್ತು. ಅದೇನೆಂದು ನನಗೆ ಗೊತ್ತಿತ್ತು. ಟಾಂಕಿಯೊಳಗೆ ಒಂದು ತಂತಿಯ ತೋಳು, ತೋಳಿನ ತುದಿಗೆ ಒಂದು ಬೆಂಡು. ಪೆಟ್ರೋಲ್ ಏರಿದರೆ ಬೆಂಡು ತೇಲಿ ಏರುತ್ತದೆ, ಇಳಿದರೆ ಇಳಿಯುತ್ತದೆ. ತೋಳು ಆಡಿದಂತೆ ಮುಂದಿನ ಮುಳ್ಳು ಆಡುತ್ತದೆ. ಬೆಂಡಿನ ಮೈಗೆ ಬಳಿದ ಅರಗು ಎದ್ದುಹೋದರೆ ಅದು ಪೆಟ್ರೋಲ್ ಕುಡಿದು ಭಾರವಾಗಿ ಮುಳುಗುತ್ತದೆ. ಆಮೇಲೆ ಟಾಂಕಿಯಲ್ಲಿ ಎಷ್ಟಿದ್ದರೂ ಮುಳ್ಳು ಖಾಲಿ ಅಂತಲೇ ಹೇಳುತ್ತದೆ. ಗ್ಯಾರೇಜಿನಲ್ಲಿ ಅಂಥವನ್ನು ಎಷ್ಟೋ ಬಿಚ್ಚಿ ಸರಿಮಾಡಿದ್ದೆ.

"ಬೆಂಡು ಮುಳುಗ್ಯದರಿ ಧಣ್ಯಾರ. ಟಾಂಕಿ ಬಿಚ್ಚಿ ನೋಡ್ತೀನ್ರಿ," ಅಂದೆ.

"ಟಾಂಕಿ ಬಿಚ್ಚಾಕ ಬ್ಯಾರೆ ಕೊಡಬೇಕಾ ನಿನಗ? ಮುಚ್ಚಿದ್ದಾಗ್ಲೇ ಇಷ್ಟು ಕುಡೀಲಿಕತ್ತಿ," ಅಂದ.

ಮರುದಿನ ಟಾಂಕಿಯ ಮುಚ್ಚಳಕ್ಕೆ ಬೀಗ ಬಿತ್ತು. ಕೀಲಿ ಅವನ ಉಡದಾರಕ್ಕೆ. ಮುಳ್ಳು ಆದರೂ ಇಳಿಯಿತು. ತಾನೇ ನಿಂತು ಡಬ್ಬಿ ತರಿಸಿ ಸುರಿಸಿದ. ಅರ್ಧ ಡಬ್ಬಿಗೇ ಟಾಂಕಿ ತುಂಬಿ ಹೊರಗೆ ಚೆಲ್ಲಿತು. ತಲೆಯಲ್ಲಿ ಸ್ವಲ್ಪ ಬುದ್ಧಿಯಿದ್ದವನಿಗೆ ಅಷ್ಟು ಸಾಕಿತ್ತು. ಅವನು ಅಲ್ಲಿದ್ದವರ ಕಡೆ ತಿರುಗಿ, "ನೋಡ್ರಿ, ಅಂಜಿಕಿಗೆ ಕದ್ದಿದ್ದೆಲ್ಲಾ ತಿರುಗಿ ತಂದು ಹಾಕ್ಯಾನ," ಅಂದ. ಬೀಗಕ್ಕೆ ನಾನು ಕಳ್ಳಕೀಲಿ ಮಾಡಿಸಿದ್ದೇನೆ ಅಂತ ಅವನ ಲೆಕ್ಕ. ಮುಳ್ಳು ಇಳಿದರೆ ಕದ್ದೆ, ಟಾಂಕಿ ತುಂಬಿದರೆ ಕದ್ದು ತಂದಿಟ್ಟೆ. ಇಂಥವನ ಜೊತೆ ಏನು ಮಾತಾಡುವುದು?

ಎದೆಯ ಮೇಲಿನ ಬಟ್ಟೆ ಸರಿಸಿ ಕೊರಳಲ್ಲಿದ್ದ ಲಿಂಗ ಹಿಡಿದು, "ಲಿಂಗ ಮುಟ್ಟಿ ಆಣಿ ಮಾಡ್ತೀನ್ರಿ," ಅಂದೆ. ಅವನ ಕೊರಳಲ್ಲೂ ಲಿಂಗವಿತ್ತು, ನನ್ನದಕ್ಕಿಂತ ದೊಡ್ಡ ಬೆಳ್ಳಿಯ ಕರಡಿಗೆಯಲ್ಲಿ.

"ಲಿಂಗಕ್ಕ ವಾಸ್ನಿ ಇರಂಗಿಲ್ಲೋ. ಬಾಯಿಗಿರ್ತದ," ಅಂದ.

ಟಾಂಕಿಯಿಂದ ಪೆಟ್ರೋಲ್ ಕದಿಯುವವರು ರಬ್ಬರ್ ಕೊಳವೆ ಇಳಿಬಿಟ್ಟು ಬಾಯಿಂದ ಎಳೆಯುತ್ತಾರೆ. ಒಂದು ಗುಟುಕು ಬಾಯಿಗೆ ಬಂದೇ ಬರುತ್ತದೆ, ಅದರ ವಾಸನೆ ಬೇಗ ಹೋಗುವುದಿಲ್ಲ. ಅದಕ್ಕೇ ಧಣಿ ಒಂದು ಕಾನೂನು ಮಾಡಿದ. ವಾಡೆಯ ಅಗಸಿ ಬಾಗಿಲು ಕಾಯುತ್ತಿದ್ದ ಪಠಾಣ ಮುದುಕನನ್ನು ಕರೆದು, ಗಾಡಿಯಿಂದ ಇಳಿದು ಒಳಗೆ ಬರುವಾಗ ನನ್ನ ಬಾಯಿ ಮೂಸಬೇಕು, ವಾಸನೆ ಬಂದರೆ ಅಲ್ಲೇ ಕೂಗಿ ಹೇಳಬೇಕು ಅಂತ ಹುಕುಂ ಕೊಟ್ಟ. ನನಗೆ ಹೇಳಿದ್ದು ಇಷ್ಟು: "ಎಲಿ ಹಾಕ್ಕೊಂಡ್ರ ವಾಸ್ನಿ ಮುಚ್ಚತದ. ಇವತ್ತಿನಿಂದ ಎಲಿ ಬಂದ್. ಹಲ್ಲು ಕೆಂಪಾಗಿದ್ರ ಕದ್ದಂಗ ಲೆಕ್ಕ."

ಅವತ್ತು ನಾನೂ ಮನಸ್ಸಿನಲ್ಲಿ ಲಿಂಗ ಮುಟ್ಟಿ ಒಂದು ಆಣೆ ಮಾಡಿದೆ. ಈ ಗಾಡಿಯ ಟಾಂಕಿಗೆ ಇಳಿಬಿಟ್ಟ ಕೊಳವೆಗೆ ಜನ್ಮದಲ್ಲಿ ಬಾಯಿ ಹಚ್ಚುವುದಿಲ್ಲ ಅಂತ.

ದಿನವೂ ಅಗಸಿಯಲ್ಲಿ ನಿಂತು ಬಾಯಿ ತೆರೆಯುತ್ತಿದ್ದೆ. ಬಾವಿಗೆ ಹೊರಟ ಹೆಂಗಸರು ಕೊಡ ಇಳಿಸಿ ನೋಡುತ್ತಿದ್ದರು. ಚಾಚಾ, ಮುದುಕನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದೆವು, ಕಣ್ಣು ಮುಚ್ಚಿ ಮೂಗು ಮುಂದೆ ಮಾಡಿ, "ಇಲ್ಲರಿ," ಅನ್ನುತ್ತಿದ್ದ. ಕೆಲಸ ಬಿಟ್ಟು ಹೋಗಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಹೋಗಿದ್ದರೆ ಪೆಟ್ರೋಲ್ ಕಳ್ಳ ಓಡಿಹೋದ ಅನ್ನುವ ಮಾತು ಖಾಯಂ ಆಗುತ್ತಿತ್ತು.

ಉಳಿದರೂ ಆ ಮಾತು ನಾನು ಕಟ್ಟಬೇಕಿದ್ದ ಮನೆಯನ್ನೇ ಮುರಿಯಿತು. ಝರಾಸಂಗಂನಲ್ಲಿ ನನಗೊಂದು ಹೆಣ್ಣು ಗೊತ್ತಾಗಿತ್ತು. ಅವಳನ್ನು ಒಂದು ಸಲ ನೋಡಿದ್ದೆ, ನನ್ನ ಅವ್ವನ ಪಕ್ಕ ಕೂತು ನಗುತ್ತಿದ್ದಳು, ಆ ನಗು ನನಗೆ ಹಿಡಿಸಿತ್ತು. ಎಲೆ ಅಡಿಕೆ ಶಾಸ್ತ್ರದ ದಿನ ಬೀಗರು ತಟ್ಟೆ ಮುಂದೆ ಹಿಡಿದರು. ಸಂಜೆಗೆ ಗಾಡಿ ತೆಗೆಯಬೇಕಿತ್ತು, ಕೆಂಪು ಹಲ್ಲು ಹೊತ್ತು ಅಗಸಿಗೆ ಹೋಗುವಂತಿರಲಿಲ್ಲ. ಎಲೆಯನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿದೆ, ಹಲ್ಲು ನೋವು ಅಂದೆ. ಅವರ ಮುಖ ಸಣ್ಣದಾಯಿತು. ಶಾಸ್ತ್ರದ ಎಲೆ ಬಾಯಿಗೆ ಹಾಕದ ಅಳಿಯ ಎಂಥವನು ಅಂತ ವಿಚಾರಿಸಲು ಹೆಣ್ಣಿನ ಸೋದರಮಾವ ವಾಡೆಗೇ ಬಂದ. ಧಣಿ ಕೂರಿಸಿ ಚಹಾ ಕೊಟ್ಟು ಹೇಳಿದ್ದನ್ನು ನಾನು ಗಾಡಿ ಒರೆಸುತ್ತಾ ಕೇಳಿದೆ.

"ಹುಡುಗ ಗಾಡಿ ಚಂದ ಹೊಡೀತಾನ. ಬಾಯಿ ಅಷ್ಟ ದಿನಾ ಮೂಸಿ ನೋಡ್ಕೊಂತ ಇರ್ಬೇಕು."

ಹೇಳಿ ನಕ್ಕ. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಸಂಬಂಧ ಮುರಿಯಿತು. ಹುಡುಗಿಯನ್ನು ಪೆದ್ದೆಮುಲ್ ಕಡೆ ಕೊಟ್ಟರು.

ಅಲ್ಲಿಂದ ನಾನು ಬೇರೆ ಮನುಷ್ಯನಾದೆ. ನಾರಾಯಣಖೇಡದ ದವಾಖಾನೆಯ ಕಂಪೌಂಡರನ ಹತ್ತಿರ ದೊಡ್ಡ ಸೀಸೆಯ ಹಳೆಯ ಬೂಚು ಬೇಡಿ ತಂದೆ. ಚಾಕುವಿನಿಂದ ಕೆತ್ತಿ ನುಣುಪು ಮಾಡಿದೆ. ಬಡಗಿಯೊಬ್ಬ ಮಂಚಕ್ಕೆ ಹಚ್ಚುವ ಅರಗಿನ ಪಾಲಿಶ್ ಕೊಟ್ಟ, ಅದನ್ನು ಒಂದರ ಮೇಲೊಂದು ಬಳಿದು ಒಣಗಿಸಿದೆ. ಹೊಸ ಬೆಂಡು ತಯಾರಾಗಿ ನನ್ನ ಟ್ರಂಕಿನಲ್ಲಿ ಕೂತಿತು. ಯಾವತ್ತಾದರೂ ಒಂದು ದಿನ ಅವನೇ ಟಾಂಕಿ ಬಿಚ್ಚು ಅನ್ನುತ್ತಾನೆ ಅಂತ ಗೊತ್ತಿತ್ತು. ರಾತ್ರಿ ಮಲಗುವ ಮುಂಚೆ ಟ್ರಂಕು ತೆರೆದು ಅದನ್ನು ಮುಟ್ಟಿ ನೋಡಿದರೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಆ ದಿನ ರಂಜಾನ್ ತಿಂಗಳಲ್ಲಿ ಬಂತು. ತಾಂಡೂರಿನ ಒಬ್ಬ ಕಲ್ಲುಗಣಿ ಸೇಠ್ ಗಾಡಿ ಕೊಳ್ಳಲು ಮಧ್ಯಾಹ್ನ ಬರುವವನಿದ್ದ. ಓಡಿಸಿ ತೋರಿಸಬೇಕೆಂದು ಧಣಿ ಬೆಳಿಗ್ಗೆಯೇ ಟಾಂಕಿ ತುಂಬಿಸಿದ. ಮುಳ್ಳು ಏಳಲಿಲ್ಲ. ಗಾಜಿಗೆ ಬೆರಳಿಂದ ಬಡಿದ, ಬಯ್ದ, ಕೊನೆಗೆ ನನ್ನನ್ನು ಕರೆದ.

"ಸತ್ತ ಮುಳ್ಳು ನೋಡಿ ಸೇಠ್ ಗಾಡಿ ತಗೊಳಂಗಿಲ್ಲ. ಬಿಚ್ಚು ಅದನ್ನ."

"ಬಿಚ್ಚತೀನ್ರಿ. ಬೆಂಡಿನ ತೋಳು ಟಾಂಕಿ ಮಗ್ಗುಲಿಗೆ ಕುಂತದರಿ. ತಿರುಪು ಬಿಚ್ಚಿದ್ರ ಪೆಟ್ರೋಲ್ ಎಲ್ಲಾ ನೆಲಕ್ಕ ಹೋಗ್ತದ. ಮೊದಲು ಹೊರಗ ತೆಗೀಬೇಕರಿ."

ಪೆಟ್ರೋಲ್ ಹೊರಗೆ ಬಿಡಲು ಟಾಂಕಿಯ ತಳದಲ್ಲಿದ್ದ ಬೋಲ್ಟು ತುಕ್ಕು ಹಿಡಿದಿತ್ತು. ಜೋರು ಮಾಡಿದರೆ ತಗಡು ಹರಿಯುತ್ತದೆ ಅಂದೆ, ಅದು ನಿಜ. ಸೀಮೆಎಣ್ಣೆ ಬಿಟ್ಟು ನಿಧಾನಕ್ಕೆ ಬಿಚ್ಚಿದರೆ ಬರುತ್ತಿತ್ತು, ಅದನ್ನು ಹೇಳಲಿಲ್ಲ. ಉಳಿದದ್ದು ರಬ್ಬರ್ ಕೊಳವೆ. ಅದನ್ನು ಟಾಂಕಿಗೆ ಇಳಿಬಿಟ್ಟು ಇನ್ನೊಂದು ತುದಿಯನ್ನು ಅವನ ಮುಂದೆ ಹಿಡಿದೆ.

"ಎಳಿ," ಅಂದ.

"ನಾ ಎಳ್ಯಂಗಿಲ್ಲರಿ ಧಣ್ಯಾರ. ಲಿಂಗ ಮುಟ್ಟಿ ಆಣಿ ಮಾಡೀನ್ರಿ."

ಅವನು ಚಾಚಾನ ಕಡೆ ನೋಡಿದ. ಚಾಚಾ ತಲೆ ಅಲ್ಲಾಡಿಸಿ, "ರೋಜಾ ಅದರಿ ಸರ್ಕಾರ್. ಹನಿ ನೀರು ಸೈತ ನುಂಗಾಂಗಿಲ್ಲ," ಅಂದ. ಚಾಚಾನ ಉಪವಾಸವನ್ನು ನಾನು ಹಂಚಿಕೆ ಹಾಕಿ ತಂದದ್ದಲ್ಲ, ಅದು ತಾನಾಗಿ ಒದಗಿತು.

"ಹೊಲದಿಂದ ಆಳು ಕರಿ."

"ಕರೀತೀನ್ರಿ. ಅವರ ಬಾಯಿಗೂ ರುಚಿ ಹತ್ತಿದ್ರ ನಾಳೆಯಿಂದ ಎಷ್ಟು ಬಾಯಿ ಮೂಸಸ್ತೀರಿ?"

ಇದು ಅವನಿಗೆ ನಾಟಿತು. ಅನುಮಾನದ ಮನುಷ್ಯನಿಗೆ ಅನುಮಾನವನ್ನೇ ಉಣಿಸಬೇಕು ಅಂತ ನಾನು ಅಷ್ಟು ದಿನದಲ್ಲಿ ಕಲಿತಿದ್ದೆ. ಬಿಸಿಲು ಏರುತ್ತಿತ್ತು, ಸೇಠ್ ಬರುವ ಹೊತ್ತಾಗುತ್ತಿತ್ತು. ಧಣಿ ರುಮಾಲು ತೆಗೆದಿಟ್ಟ, ಶಲ್ಯ ಸೊಂಟಕ್ಕೆ ಸುತ್ತಿದ, ಮಣ್ಣಲ್ಲಿ ಮೊಣಕಾಲೂರಿ ಕೊಳವೆಯನ್ನು ಬಾಯಿಗಿಟ್ಟುಕೊಂಡ.

ಮೊದಲ ಸಲ ಎಳೆದಾಗ ಬರಲಿಲ್ಲ. "ಇನ್ನೂ ಜೋರರಿ," ಅಂದೆ. ಎರಡನೆಯ ಸಲ ಬಂತು ನೋಡಿ, ಗಂಟಲತನಕ. ಕೆಮ್ಮಿದ, ಉಗುಳಿದ, ಕಣ್ಣು ಮೂಗೆಲ್ಲ ಸುರಿಯಿತು. ನಾನು ಕೊಳವೆ ಹಿಡಿದು ಡಬ್ಬಿಗೆ ತಿರುಗಿಸಿದೆ. ಪೆಟ್ರೋಲ್ ಡಬ್ಬಿಗೆ ಬೀಳುವ ಸದ್ದು ಅಷ್ಟು ಚಂದ ಕೇಳಿಸಿದ್ದು ಅವತ್ತೇ.

ತಿರುಪು ಬಿಚ್ಚಿ ತೋಳು ಹೊರಗೆಳೆದೆ. ಬೆಂಡು ಕಪ್ಪಾಗಿ ತೊಯ್ದು ಭಾರವಾಗಿತ್ತು. ಅವನ ಕಣ್ಣ ಮುಂದೆ ಹಿಡಿದು ಹೆಬ್ಬೆರಳಿಂದ ಹಿಂಡಿದೆ. ಪೆಟ್ರೋಲ್ ತೊಟ್ಟಿಕ್ಕಿತು.

"ಇವನರಿ ನಿಮ್ಮ ಕಳ್ಳ," ಅಂದೆ.

ತಪ್ಪಾಯಿತು ಅಂತ ಒಂದು ಮಾತು, ಒಂದೇ ಒಂದು ಮಾತು ಅವನು ಆಡಿದ್ದರೆ ನಾನು ಅಲ್ಲಿಗೆ ಬಿಡುತ್ತಿದ್ದೆನೋ ಏನೋ. ಅವನು ಬಾಯಿ ಒರೆಸಿಕೊಂಡು, "ಆತು ಬಿಡು. ಲಗೂ ಹಚ್ಚು," ಅಂದ.

ಟ್ರಂಕಿನಿಂದ ನನ್ನ ಬೆಂಡು ತಂದು ತೋಳಿಗೆ ಕೂಡಿಸಿದೆ, ತಿರುಪು ಬಿಗಿದೆ, ಪೆಟ್ರೋಲ್ ತಿರುಗಿ ಸುರಿದೆ. ಮುಳ್ಳು ಮೆಲ್ಲಗೆ ಎದ್ದು ತುದಿಗೆ ಹೋಗಿ ನಿಂತಿತು. ಅಷ್ಟರಲ್ಲಿ ಸೇಠ್‌ನ ಟಾಂಗಾ ಅಗಸಿಗೆ ಬಂತು. ಧಣಿ ರುಮಾಲು ಸುತ್ತಿಕೊಂಡು ಬೀಗನನ್ನು ಎದುರುಗೊಳ್ಳುವಂತೆ ಹೊರಗೆ ಹೋಗಿ ಅವನನ್ನು ಇಳಿಸಿಕೊಂಡ. ಬಾವಿಯ ಹೆಂಗಸರು ದಿನದಂತೆ ನಿಂತಿದ್ದರು. ಇಬ್ಬರೂ ಒಳಗೆ ಕಾಲಿಡುವಾಗ ನಾನು ಗಟ್ಟಿಯಾಗಿ ಕೇಳಿದೆ.

"ಚಾಚಾ, ದಿನಾ ಮಾಡೂ ಕೆಲಸ ಇವತ್ತ್ಯಾಕ ಬಿಟ್ರಿ? ಧಣ್ಯಾರ ಬಾಯಿ ವಾಸ್ನಿ ಬರ್ತದೋ ಇಲ್ಲೋ?"

ಚಾಚಾ ಧಣಿಯನ್ನು ನೋಡಿದ, ನನ್ನನ್ನು ನೋಡಿದ. ಧಣಿಯ ಕಣ್ಣು ಕೆಂಡವಾಗಿತ್ತು. ಮುದುಕ ಒಂದು ಹೆಜ್ಜೆ ಮುಂದೆ ಬಂದು ಕಣ್ಣು ಮುಚ್ಚಿ ಮೂಸಿದ.

"ರೋಜಾದಾಗ ಸುಳ್ಳು ಹೇಳಾಂಗಿಲ್ಲರಿ ಸರ್ಕಾರ್," ಅಂದ. "ವಾಸ್ನಿ ಬರ್ತದ."

ಒಬ್ಬ ಹೆಂಗಸು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು, ಉಳಿದವರು ಮುಚ್ಚದೆಯೇ ನಕ್ಕರು. ಏನೂ ಅರ್ಥವಾಗದ ಸೇಠ್ ಮಾತು ಮರೆಸಲು ಪಾನ್‌ದಾನ್ ತೆಗೆದು ಒಂದು ಎಲೆ ಮಡಿಸಿ ಮುಂದೆ ಹಿಡಿದ. ಧಣಿ ಗಬಕ್ಕನೆ ಕೈ ಚಾಚಿದ.

"ಎಲಿ ಹಾಕ್ಕೊಂಡ್ರ ಕದ್ದಂಗ ಲೆಕ್ಕರಿ, ಧಣ್ಯಾರ," ಅಂದೆ.

ಅವನ ಕೈ ಅಲ್ಲೇ ನಿಂತಿತು. ಸೇಠ್‌ನ ಕೈಯೂ ನಿಂತಿತ್ತು. ಆ ಎಲೆಯನ್ನು ನಾನು ತೆಗೆದುಕೊಂಡು ಬಾಯಿಗಿಟ್ಟೆ. ಗಾಡಿಯ ಕೀಲಿಯನ್ನು ಧಣಿಯ ಚಾಚಿದ ಅಂಗೈಯಲ್ಲಿ ಹಾಕಿ, ಟ್ರಂಕು ಹೆಗಲಿಗೇರಿಸಿ ಹೊರಟೆ.

ಅಗಸಿ ದಾಟುವಾಗ ಚಾಚಾನ ಮೂಗು ಅಭ್ಯಾಸದಂತೆ ಮುಂದೆ ಬಂತು. ನಾನು ಕೆಂಪು ಬಾಯಿಯನ್ನು ಅಗಲವಾಗಿ ತೆರೆದೆ. ಅವನು ಮೂಸಿ, ಬಾವಿಯ ಹೆಂಗಸರಿಗೆಲ್ಲ ಕೇಳುವಂತೆ, "ಎಲಿ ವಾಸ್ನಿ ಅಷ್ಟ," ಅಂದ.