ಲಿಂಗರಾಜನ ಭಾನುವಾರಗಳು

ಬೋಪಾಲ್ ಎಂದ ಕೂಡಲೇ ನಮ್ಮ ಕುಂದಾಪುರದ ನೆಂಟರು ಮಧ್ಯಪ್ರದೇಶಕ್ಕೆ ಟಿಕೆಟ್ ಮಾಡಿಸಲು ಹೊರಡುತ್ತಾರೆ. ಇದು ಆ ಭೋಪಾಲ ಅಲ್ಲ, ಅಹಮದಾಬಾದಿನ ಪಡುವಣ ಅಂಚು ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಇಲ್ಲಿ ನನ್ನದೊಂದು ಹೋಟೆಲಿದೆ. ಸುತ್ತ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟು, ಒಳಗೆ ಸಾಂಬಾರಿಗೆ ಬೆಲ್ಲ ಸಾಲದು ಎನ್ನುವ ಗಿರಾಕಿಗಳು. ಬೆಲ್ಲದ ವಿಷಯದಲ್ಲಿ ಉಡುಪಿ ಕಡೆಯವರಿಗೂ ಗುಜರಾತಿಗಳಿಗೂ ತಕರಾರಿಲ್ಲ. ತಕರಾರು ಇದ್ದದ್ದು ಧಾರವಾಡದ ಲಿಂಗರಾಜನಿಗೆ ಮಾತ್ರ. ಅವನು ಜೇಬಿನಲ್ಲಿ ಸಣ್ಣ ಡಬ್ಬಿ ತಂದು, ನನ್ನ ಕಣ್ಣೆದುರೇ ನನ್ನ ಸಾಂಬಾರಿಗೆ ಕೆಂಪು ಚಟ್ನಿಪುಡಿ ಸುರಿದುಕೊಳ್ಳುತ್ತಿದ್ದ. ಬೇರೆ ಯಾರೇ ಆಗಿದ್ದರೂ ಬಿಲ್ಲು ಕೊಟ್ಟು ಎಬ್ಬಿಸುತ್ತಿದ್ದೆ. ಆದರೆ ಈ ಊರಿನಲ್ಲಿ ಕನ್ನಡದಲ್ಲಿ ಜಗಳವಾಡಲು ಸಿಗುವ ಜನ ಕಡಿಮೆ, ಸುಮ್ಮನಿದ್ದೆ.

ಲಿಂಗರಾಜ ಇರುವುದು ವಡೋದರಾದಲ್ಲಿ. ಮಕರಪುರದ ಒಂದು ಮೋಟಾರು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗ. ನಲವತ್ತು ದಾಟಿದೆ, ಮದುವೆ ಆಗಿಲ್ಲ, ಯಾಕೆಂದು ನಾನು ಕೇಳಲಿಲ್ಲ. ನನ್ನ ಹೋಟೆಲಿಗೆ ಅವನು ಬರುತ್ತಿದ್ದದ್ದು ಕಾರ್ ರೇಸಿನ ಕ್ಲಬ್ಬಿನ ಜೊತೆ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ಹವ್ಯಾಸಿಗಳು ಸೇರಿ ಮಾಡಿಕೊಂಡ ಕ್ಲಬ್ಬು ಅದು. ಒಬ್ಬರೇ ಕೂರುವ, ಚಕ್ರಗಳೆಲ್ಲ ಮೈಯಿಂದ ಹೊರಗೆ ಚಾಚಿಕೊಂಡ ಫಾರ್ಮುಲಾ ಕಾರುಗಳನ್ನು ತಾವೇ ಜೋಡಿಸಿಕೊಂಡು ಓಡಿಸುತ್ತಾರೆ. ಗೆದ್ದವರಿಗೆ ಸಿಗುವುದು ಒಂದು ಹಿತ್ತಾಳೆ ಬಟ್ಟಲು, ಜೊತೆಗೆ ಉಳಿದವರಿಗೆಲ್ಲ ನನ್ನ ಹೋಟೆಲಿನಲ್ಲಿ ದೋಸೆ ಕೊಡಿಸುವ ಭಾಗ್ಯ.

ಲಿಂಗರಾಜನ ಹತ್ತಿರ ಕಾರಿರಲಿಲ್ಲ. ಅವನ ಕೆಲಸ ಶಾಕ್ ಅಬ್ಸಾರ್ಬರಿನದು. ಬೈಕಿನ ಹಿಂಬದಿ ಚಕ್ರದ ಪಕ್ಕ ಸ್ಪ್ರಿಂಗು ಸುತ್ತಿದ ಕೊಳವೆ ಇರುತ್ತದಲ್ಲ, ಗುಂಡಿಗೆ ಬಿದ್ದಾಗ ನಮ್ಮ ಸೊಂಟ ಕಾಯುವಂಥದ್ದು, ಅದೇ. ಖರ್ಚು ಮಿತಿಯಲ್ಲಿರಲಿ ಎಂದು ಕ್ಲಬ್ಬು ಒಂದು ನಿಯಮ ಮಾಡಿತ್ತು: ಎಲ್ಲ ಕಾರಿಗೂ ಒಂದೇ ಅಗ್ಗದ ಬೈಕಿನ ಶಾಕ್ ಅಬ್ಸಾರ್ಬರ್, ಅದನ್ನು ಯಾರೂ ಬಿಚ್ಚಿ ತಿದ್ದುವಂತಿಲ್ಲ. ರೇಸಿಗೆ ಮುಂಚಿನ ಭಾನುವಾರ ಎಲ್ಲರೂ ತಮ್ಮ ತಮ್ಮದನ್ನು ಬಿಚ್ಚಿಕೊಂಡು ಲಿಂಗರಾಜನ ಮನೆಗೆ ತರಬೇಕು. ಅವನ ಬಾಡಿಗೆ ಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಅವನೇ ಮಾಡಿದ ಪರೀಕ್ಷೆಯ ಯಂತ್ರವಿತ್ತು. ಒತ್ತಿ, ಎಳೆದು, ಯಾರೂ ಒಳಗೆ ಕೈಯಾಡಿಸಿಲ್ಲ ಎಂದು ಖಾತ್ರಿ ಮಾಡಿಕೊಂಡು, ತಂತಿ ಬಿಗಿದು ಸೀಸದ ಸೀಲು ಒತ್ತಿ ಕೊಡುತ್ತಿದ್ದ.

ಆ ಭಾನುವಾರಗಳ ವೈಭವ ನೋಡಬೇಕಿತ್ತು. ಸಾಮಾನು ತರಲು ವಡೋದರಾಕ್ಕೆ ಹೋದಾಗ ಒಮ್ಮೆ ನಾನೂ ಇಣುಕಿದ್ದೆ. ಪಕ್ಕದ ಮನೆಗಳಿಂದ ಎರವಲು ತಂದ ಕುರ್ಚಿಗಳು, ದೊಡ್ಡ ಪಾತ್ರೆಯಲ್ಲಿ ಚಹಾ, ಪರಾತದ ತುಂಬ ಮಂಡಕ್ಕಿ ಗಿರಮಿಟ್ಟು. ಮಾಮೂಲಿ ದಿನ ನೆಲ ನೋಡಿಕೊಂಡು ಮಾತಾಡುವ ಮನುಷ್ಯ ಅವತ್ತು ಮದುವೆ ಮನೆಯ ಯಜಮಾನನ ಹಾಗೆ ಓಡಾಡುತ್ತಿದ್ದ. "ಸೀಲು ಒತ್ತಲು ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ?" ಎಂದರೆ, "ಮನಿಗೆ ಮಂದಿ ಬಂದಾಗ ಬಾಯಾಡಸಾಕ ಏನರ ಬೇಕಲ್ರೀ" ಎಂದ.

ಅವನು ಮಾತ್ರ ಯಾರ ಮನೆಗೂ ಹೋಗುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಗುಜರಾತಿಗಳು ಬೀಳ್ಕೊಡುವಾಗ 'ಆವ್ಜೋ' ಎನ್ನುತ್ತಾರೆ. ಅಕ್ಷರಶಃ ಅದು 'ಬನ್ನಿ', ವ್ಯವಹಾರದಲ್ಲಿ 'ಸರಿ, ಹೊರಡಿ'. ಲಿಂಗರಾಜ ಹೊಸದಾಗಿ ಕ್ಲಬ್ಬಿಗೆ ಬಂದಾಗ ಸೂರತ್‌ನ ಸಂದೀಪ್‌ಭಾಯಿ, ಕತಾರ್‌ಗಾಮ್‌ನಲ್ಲಿ ವಜ್ರ ಹೊಳಪು ಮಾಡಿಸುವ ಕಾರ್ಖಾನೆಯ ಮಾಲೀಕ, ಹೊರಡುವಾಗ ಕೈಕುಲುಕಿ, "ಘರೇ ಆವ್ಜೋ" ಎಂದಿದ್ದರಂತೆ. ಮನೆಗೆ ಬನ್ನಿ ಎಂದರು ಎಂದುಕೊಂಡು ಇವನು ಮರುವಾರವೇ ಧಾರವಾಡ ಪೇಢಾ ಹಿಡಿದುಕೊಂಡು ರೈಲು ಹತ್ತಿದ. ಅಲ್ಲಿ ಮನೆಮಂದಿಯೆಲ್ಲ ಜರತಾರಿ ಉಟ್ಟು ಮದುವೆಗೆ ಹೊರಟು ನಿಂತಿದ್ದರು. ಪಾಪ, ಅವರೂ ಮರ್ಯಾದಸ್ಥರು. ಕೂರಿಸಿ ನೀರು ಕೊಟ್ಟರು, ಚಹಾ ಕೊಟ್ಟರು, ಚಹಾ ಕುಡಿಯುವವರೆಗೂ ಎಲ್ಲರೂ ಸಿಂಗರಿಸಿಕೊಂಡೇ ಎದುರಿಗೆ ಕೂತಿದ್ದರು. ಮುದುಕಿಯೊಬ್ಬಳು ಗಡಿಯಾರ ನೋಡಿದಳು, ಅಷ್ಟೆ. ಇವನು ಪೇಢಾ ಕೊಟ್ಟು ಎದ್ದು ಬಂದ. ಈ ಕಥೆಯನ್ನು ಅವನೇ ನಗುತ್ತ ಹೇಳಿದ, ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುವಾಗ ಅವನು ನನ್ನ ಮುಖ ನೋಡಲಿಲ್ಲ.

ಈ ಸಲ ದೀಪಾವಳಿ ಕಳೆದ ಮೇಲೆ ಒಂದು ಶನಿವಾರ ನಿಯಮ ಬದಲಿಸುವ ಮೀಟಿಂಗು ನನ್ನ ಹೋಟೆಲಿನಲ್ಲೇ ನಡೆಯಿತು. ಮಾತೆಲ್ಲ ಹಿಂದಿ, ಗುಜರಾತಿ. ನನಗೆ ತಿಳಿದಷ್ಟನ್ನು ಕನ್ನಡದಲ್ಲಿ ಹೇಳುತ್ತೇನೆ. ಸಂದೀಪ್‌ಭಾಯಿ ಎದ್ದು, ಇನ್ನು ಮುಂದೆ ತಿರುಪು ತಿರುಗಿಸಿ ಗಡಸು ಮೆದು ಮಾಡಿಕೊಳ್ಳುವ ಒಳ್ಳೆಯ ಶಾಕ್ ಅಬ್ಸಾರ್ಬರ್ ಬರಲಿ ಎಂದರು. ಎಲ್ಲರಿಗೂ ಒಂದೇ ಕಂಪನಿಯದು. ಬೇಕಾದ ಹಾಗೆ ತಿರುಗಿಸಿಕೊಳ್ಳಬಹುದಾದ್ದರಿಂದ ಪರೀಕ್ಷೆಯೂ ಬೇಡ, ಸೀಲೂ ಬೇಡ.

ಲಿಂಗರಾಜ ಎದ್ದು ನಿಂತ. ಅವನು ಮೀಟಿಂಗಿನಲ್ಲಿ ಎದ್ದು ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ದುಬಾರಿ ಸಾಮಾನು ಬಂದರೆ ಸಂಬಳದವರು ಕಾರು ಮಾರಿ ಮನೆಗೆ ಹೋಗುತ್ತಾರೆ, ಈ ವರ್ಷ ಇದು ಬಂದರೆ ಬರುವ ವರ್ಷ ಇನ್ನೊಂದು ಬರುತ್ತದೆ, ಇದಕ್ಕೆ ಕೊನೆ ಎಲ್ಲಿ ಎಂದ. ಸುಳ್ಳಲ್ಲ. ಇಬ್ಬರು ಮೂವರು ತಲೆಯಾಡಿಸಿದರು. ಆದರೆ ಅವನ ದನಿ ನಡುಗುತ್ತಿತ್ತು. ಖರ್ಚಿನ ಮಾತಿಗೆ, ಅದೂ ಬೇರೆಯವರ ಖರ್ಚಿಗೆ, ಯಾರ ದನಿಯೂ ಹಾಗೆ ನಡುಗುವುದಿಲ್ಲ. ಕಾಫಿ ತಟ್ಟೆ ಹಿಡಿದು ನಿಂತಿದ್ದ ನನಗೆ ಎರವಲು ಕುರ್ಚಿಗಳು ನೆನಪಾದವು. ಇವನು ಉಳಿಸಿಕೊಳ್ಳಲು ಹೆಣಗುತ್ತಿರುವುದು ಹಣವನ್ನಲ್ಲ ಎಂದು ಆಗ ಹೊಳೆಯಿತು.

ಸಂದೀಪ್‌ಭಾಯಿ ಕೋಪಿಸಿಕೊಳ್ಳಲಿಲ್ಲ. "ಅಗ್ಗದ ನಿಯಮ ಅನ್ನುತ್ತೀರಿ. ನಾನು ಅದೇ ಅಗ್ಗದ್ದನ್ನು ಪೆಟ್ಟಿಗೆಗಟ್ಟಲೆ ಕೊಂಡು, ಒಂದಕ್ಕೊಂದು ಹೊಂದುವ ಜೋಡಿ ಆರಿಸಿ, ಉಳಿದದ್ದನ್ನು ಮೂಲೆಗೆ ಹಾಕುತ್ತೇನೆ. ಇಲ್ಲಿ ನಾನೊಬ್ಬನೇ ಅಲ್ಲ. ಕೊಳ್ಳಲಾಗದವನು ಸೋಲುತ್ತಾನೆ" ಎಂದರು.

ಕ್ಲಬ್ಬಿನ ಅಧ್ಯಕ್ಷೆ ಮಹಿಮಾಬೆನ್ ಲಿಂಗರಾಜನ ಕಡೆ ತಿರುಗಿದರು. "ಎಲ್ಲರದನ್ನೂ ಯಂತ್ರಕ್ಕೆ ಹಾಕಿ ನೋಡಿದವರು ನೀವು. ಒಂದೇ ಪೆಟ್ಟಿಗೆಯ ಎರಡು ಒಂದೇ ಥರ ಇರುತ್ತವೆಯೇ? ನೀವು ಹೇಳಿದ ಹಾಗೆ ಮಾಡೋಣ."

ಹೌದು ಎಂದರೆ ಮುಗಿಯುತ್ತಿತ್ತು. ಅವನ ಯಂತ್ರದ ಲೆಕ್ಕ ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ನಾನೂ ಮನಸ್ಸಿನಲ್ಲೇ, ಹೌದು ಅನ್ನು ಮಾರಾಯ, ಒಂದು ಸುಳ್ಳಿಗೆ ಏನಾಗುತ್ತದೆ ಎಂದೆ. ಅವನು ಟೇಬಲ್ಲಿನ ಮೇಲಿದ್ದ ಚಟ್ನಿಪುಡಿಯ ಡಬ್ಬಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಜೇಬಿಗೆ ಹಾಕಿಕೊಂಡ. ಆಮೇಲೆ, "ಇಲ್ಲ. ಒಂದರ ಹಾಗೆ ಇನ್ನೊಂದಿಲ್ಲ. ಸಂದೀಪ್‌ಭಾಯಿ ಹೇಳುವುದು ಸರಿ" ಎಂದ.

ಕೈ ಎತ್ತಿದರು. ನಿಯಮ ಬದಲಾಯಿತು. ಸಂದೀಪ್‌ಭಾಯಿ ಬಂದು ಅವನ ಬೆನ್ನು ತಟ್ಟಿ, ಮನಸಾರೆ ಖುಷಿಯಿಂದ, "ಲಿಂಗರಾಜ್‌ಭಾಯಿ, ಇನ್ನು ನಿಮ್ಮ ಭಾನುವಾರಗಳೆಲ್ಲ ನಿಮಗೇ!" ಎಂದರು. ಒಬ್ಬೊಬ್ಬರೇ ಕೈಕುಲುಕಿ "ಆವ್ಜೋ, ಆವ್ಜೋ" ಎನ್ನುತ್ತ ಹೊರಟರು. ಕೆಟ್ಟವರು ಒಬ್ಬರೂ ಇರಲಿಲ್ಲ, ನನಗೆ ಸಿಟ್ಟು ಬಂದದ್ದೇ ಅದಕ್ಕೆ.

ಎಲ್ಲರೂ ಹೋದ ಮೇಲೆ ಅವನು ಗಲ್ಲಾದ ಹತ್ತಿರ ಬಂದು, "ಬರ್ತೀನ್ರಿ ಅಣ್ಣಾರ" ಎಂದ.

ನಾನು ಚಿಲ್ಲರೆ ಎಣಿಸುತ್ತ, "ಆಯ್ತು, ಬನ್ನಿ" ಎಂದೆ.

ಬಾಗಿಲವರೆಗೆ ಹೋದವನು ನಿಂತು ತಿರುಗಿದ. "ಅಣ್ಣಾರ, ನೀವೀಗ ಆವ್ಜೋ ಅಂದ್ರೋ, ಖರೇನ ಬರ್ರಿ ಅಂದ್ರೋ?"

ನಾವೂ ಹಾಗೇ ಅಲ್ಲವೇ? ಹೋಗುವವನು ಬರ್ತೇನೆ ಅನ್ನುತ್ತಾನೆ, ಕಳಿಸುವವನು ಬನ್ನಿ ಅನ್ನುತ್ತಾನೆ. ಅವನ ಪೇಢಾ ಕಥೆಗೆ ನಕ್ಕ ನಾನೇ ಇಷ್ಟು ವರ್ಷ ಅವನನ್ನು ಇದೇ ಬಾಗಿಲಿನಿಂದ ಅದೇ ಮಾತು ಹೇಳಿ ಕಳಿಸುತ್ತಿದ್ದೆ. ಚಿಲ್ಲರೆ ಕೆಳಗಿಟ್ಟು, "ನಾಳೆ ಮನೆಗೆ ಊಟಕ್ಕೆ ಬನ್ನಿ. ಹೋಟೆಲಿಗೆ ಅಲ್ಲ, ಮನೆಗೆ" ಎಂದೆ.

"ಏನರ ಕೆಲಸ ಐತೇನ್ರಿ?"

"ಎಂತ ಕೆಲಸವೂ ಇಲ್ಲ. ಸುಮ್ಮನೆ ಬನ್ನಿ."

ಅವನಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಭಾನುವಾರ ನನ್ನ ಹೆಂಡತಿ ಯಶೋದಾ ಬಾಗಿಲು ತೆರೆದರೆ, ಮನುಷ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಗಲಿಗೆ ಕಬ್ಬಿಣದ ಸಾಮಾನಿನ ಭಾರದ ಚೀಲ ನೇತುಹಾಕಿಕೊಂಡು ನಿಂತಿದ್ದ. ವಡೋದರಾದಿಂದ ಬಸ್ಸಿನಲ್ಲಿ ಅದನ್ನು ಹೊತ್ತು ತಂದಿದ್ದ.

"ಊಟಕ್ಕೆ ಬರುವವರು ಸ್ಪ್ಯಾನರ್ ಯಾಕೆ ತಂದ್ರಿ?" ಎಂದಳು ಯಶೋದಾ.

"ಇರ್ಲಿ ಅಂತ ತಂದೀನ್ರಿ ವೈನಿ. ಸುಮ್ನ ಹೆಂಗ ಬರೂದ್ರಿ?"

ಯಶೋದಾ ನನಗಿಂತ ಚುರುಕು. ಒಂದು ಗಳಿಗೆ ಅವನ ಮುಖ ನೋಡಿದವಳು, "ಬಂದದ್ದು ಲಾಯ್ಕಾಯ್ತು ಮಾರಾಯ್ರೆ! ಬಾಲ್ಕನಿಯ ಉಯ್ಯಾಲೆ ಕಿರ್ ಕಿರ್ ಅಂತ ನಿದ್ದೆ ಕೆಡಿಸ್ತಾ ಉಂಟು, ಇವರಿಗೆ ಹೇಳಿ ಪ್ರಯೋಜನ ಇಲ್ಲ" ಎಂದಳು. ಆ ಉಯ್ಯಾಲೆ ನಾವು ಫ್ಲ್ಯಾಟ್ ಕೊಂಡಾಗಿನಿಂದ ಕಿರುಗುಟ್ಟುತ್ತಿದೆ. ಆ ಸದ್ದು ಇಲ್ಲದಿದ್ದರೆ ಅವಳಿಗೆ ಮಧ್ಯಾಹ್ನ ನಿದ್ದೆಯೇ ಬರುವುದಿಲ್ಲ.

ಅವನ ಮುಖ ಅರಳಿತು. ಚಪ್ಪಲಿ ಬಿಟ್ಟು ಸೀದಾ ಬಾಲ್ಕನಿಗೆ ನಡೆದ. ಸರಪಳಿ ಇಳಿಸಿ, ಕೊಂಡಿ ಉಜ್ಜಿ, ಎಣ್ಣೆ ಬಿಟ್ಟು, ಊಟ ತಣ್ಣಗಾಗುವವರೆಗೂ ಬಿಡಲಿಲ್ಲ. ಆಮೇಲೆ ನಮ್ಮ ಬೆಲ್ಲದ ಸಾಂಬಾರನ್ನು ಚಟ್ನಿಪುಡಿ ಹಾಕಿಕೊಳ್ಳದೆ ಎರಡು ಸಲ ಬಡಿಸಿಕೊಂಡು ಉಂಡ. ಹೊರಡುವಾಗ, "ಬರ್ತೀನ್ರಿ ವೈನಿ" ಎಂದ. "ಬನ್ನಿ, ಬರುವ ಭಾನುವಾರವೂ ಬನ್ನಿ" ಎಂದಳು ಯಶೋದಾ.

ಉಯ್ಯಾಲೆ ಈಗ ಸ್ವಲ್ಪವೂ ಸದ್ದು ಮಾಡುವುದಿಲ್ಲ. ಭಾನುವಾರದೊಳಗೆ ಮನೆಯಲ್ಲಿ ಬೇರೆ ಏನನ್ನು ಕೆಡಿಸಿಡುವುದು ಎಂದು ಯಶೋದಾ ಹುಡುಕುತ್ತಿದ್ದಾಳೆ.