ಹಳೇ ವಿದ್ಯಾರ್ಥಿನಿಯ ಮುಂದೆ ಏಳು ನಿಮಿಷ

ನಾನು ಭಾಗವಹಿಸಿದ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ನಡೆದದ್ದು ಪುತ್ತೂರಿನಲ್ಲಿ, ಸುಳ್ಯದ ನನ್ನ ಮನೆಯಿಂದ ಬಸ್ಸಿನಲ್ಲಿ ಹೆಚ್ಚೆಂದರೆ ಒಂದೂವರೆ ಗಂಟೆಯ ದಾರಿ. ಆಗ ನನಗೆ ನಲವತ್ತೈದು ದಾಟಿತ್ತು. ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೆ, ಪಿಎಚ್.ಡಿ. ಇಲ್ಲದವರಿಗೆ ಬಡ್ತಿಯಿಲ್ಲ ಎಂದು ಆಡಳಿತದವರು ಹೇಳಿದ್ದರಿಂದ ಸಂಶೋಧನೆಗೆ ಇಳಿದವನು ನಾನು.

ನಮ್ಮ ಕಡೆ ಮನೆ ಕಟ್ಟುವ ಕೆಂಪುಕಲ್ಲು ನೀರು ಕುಡಿದಾಗ ಎಷ್ಟು ಬಲ ಕಳೆದುಕೊಳ್ಳುತ್ತದೆ ಎಂಬುದು ನನ್ನ ವಿಷಯ. ಕಾಣಿಯೂರಿನ ಹತ್ತಿರದ ಕೋರೆಯಿಂದ ಪಿಕಪ್‌ನಲ್ಲಿ ಕಲ್ಲು ತರಿಸಿ, ಕೆಲವನ್ನು ಒಣಗಿದ ಹಾಗೇ, ಕೆಲವನ್ನು ತೊಟ್ಟಿಯಲ್ಲಿ ನೆನೆಸಿ, ಯಂತ್ರದಲ್ಲಿ ಒತ್ತಿ ಒಡೆಯುತ್ತಾ ಎರಡು ವರ್ಷ ಕಳೆದಿದ್ದೆ.

ನನ್ನ ಸರದಿ ಬೆಳಗ್ಗೆ ಹತ್ತೂವರೆಗೆ ಎಂದು ಪಟ್ಟಿಯಲ್ಲಿತ್ತು. ಹತ್ತೂವರೆಗೆ ಉದ್ಘಾಟನೆಯ ದೀಪವೇ ಹಚ್ಚಿರಲಿಲ್ಲ. ಸಮ್ಮೇಳನವನ್ನು ಅಂತಾರಾಷ್ಟ್ರೀಯ ಮಾಡಬೇಕಿದ್ದ ಒಬ್ಬರೇ ಒಬ್ಬ ವಿದೇಶಿ ಪ್ರಾಧ್ಯಾಪಕರು ಪರದೆಯ ಮೇಲೆ ಬಂದರು, ಆದರೆ ಅವರ ಧ್ವನಿ ಬರಲಿಲ್ಲ. ಸಂಘಟಕರು ಮೈಕ್ ಹಿಡಿದು, ಮ್ಯೂಟ್ ತೆಗೆಯಿರಿ ಎಂದು ಮತ್ತೆ ಮತ್ತೆ ಬೇಡಿಕೊಂಡರು. ಪಾಪ, ಆ ಪ್ರಾಧ್ಯಾಪಕರಿಗೆ ನಮ್ಮ ಧ್ವನಿಯೂ ಕೇಳುತ್ತಿರಲಿಲ್ಲವೇನೋ, ನಗುತ್ತಾ ಭಾಷಣ ಮುಗಿಸಿದರು. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಸನ್ಮಾನ.

ಹೆಂಡತಿ ಫೋನ್ ಮಾಡಿದಳು. “ಆಯ್ತಾ ನಿಮ್ಮದು?”

“ಇಲ್ಲ.”

“ಮತ್ತೆ ಇಷ್ಟು ಹೊತ್ತು ಎಂತ ಮಾಡುದು ಅಲ್ಲಿ?”

“ಶಾಲು ಹಾಕುದು ನೋಡುದು,” ಎಂದೆ.

ಊಟವಾದ ಮೇಲೆ ನನ್ನನ್ನು ಮೂರನೇ ಮಹಡಿಯ ಒಂದು ತರಗತಿಗೆ ಕಳಿಸಿದರು. ಗೋಷ್ಠಿಯ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತಿದ್ದವಳನ್ನು ನೋಡಿ ಬಾಗಿಲಲ್ಲೇ ನಿಂತೆ. ಕಡಬದ ಹುಡುಗಿ, ಹನ್ನೆರಡು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿ. ಈಗ ದೊಡ್ಡ ಕಾಲೇಜೊಂದರಲ್ಲಿ ಪ್ರಾಧ್ಯಾಪಕಿ. ಪರೀಕ್ಷೆಗೆ ಬಾರದ್ದನ್ನು ಕೇಳಿ ಉಳಿದವರ ಸಮಯ ಹಾಳು ಮಾಡಬೇಡ ಎಂದು ಇವಳಿಗೆ ಒಮ್ಮೆ ತರಗತಿಯಲ್ಲಿ ಗದರಿದ್ದು ಆ ಕ್ಷಣವೇ ನೆನಪಾಯಿತು.

ಅವಳು ಥಟ್ಟನೆ ಎದ್ದು ನಿಂತಳು. “ಸರ್, ನೀವಾ? ಕೂತ್ಕೊಳ್ಳಿ ಸರ್.”

“ನಾನು ಕೂತ್ಕೊಳ್ಳುವವನಲ್ಲ, ಮಾತಾಡುವವನು.”

ಅವಳಿಗೆ ನನಗಿಂತ ಹೆಚ್ಚು ಮುಜುಗರವಾದಂತೆ ಕಂಡಿತು. “ಹದಿನೈದು ನಿಮಿಷ ಅಂತ ಹಾಕಿದ್ದಾರೆ ಸರ್. ಆದರೆ ಇನ್ನೂ ಒಂಬತ್ತು ಜನ ಉಂಟು. ಏಳರಲ್ಲಿ ಮುಗಿಸ್ಲಿಕ್ಕೆ ಆಗ್ತದಾ?”

ಮೊದಲ ಎರಡು ನಿಮಿಷ ಪ್ರೊಜೆಕ್ಟರ್ ತಿಂದಿತು. ಒಣಕಲ್ಲಿಗೆ ಕೆಂಪು ಗೆರೆ, ನೆನೆದ ಕಲ್ಲಿಗೆ ನೀಲಿ ಗೆರೆ ಎಂದು ನಕ್ಷೆ ಮಾಡಿದ್ದೆ. ಗೋಡೆಯ ಮೇಲೆ ನೀಲಿ ಮಾತ್ರ ಬಿತ್ತು. ಇಲ್ಲದ ಕೆಂಪು ಗೆರೆಯನ್ನು ಕೈಯಿಂದ ಗಾಳಿಯಲ್ಲಿ ಎಳೆದು ತೋರಿಸಿದೆ. ಇಪ್ಪತ್ತು ವರ್ಷ ದಿನಕ್ಕೆ ಮೂರು ತರಗತಿ ತೆಗೆದುಕೊಂಡವನು ಕೈಯಲ್ಲಿದ್ದ ಚೀಟಿ ನೋಡಿ ಓದತೊಡಗಿದೆ. ತೀರ್ಮಾನದ ಪುಟಕ್ಕೆ ಬರುವಾಗ ಅವಳು ಗಂಟೆ ಬಾರಿಸಿದಳು, ಬಹಳ ಮೆತ್ತಗೆ.

ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಯಾರೂ ಕೈ ಎತ್ತಲಿಲ್ಲ. ಬದುಕಿದೆ ಎಂದುಕೊಂಡೆ. ಆಗ ಅವಳೇ ಕೇಳಿದಳು: “ಸರ್, ಕಲ್ಲು ಕೋರೆಯಲ್ಲಿ ಯಾವ ಭಾಗ ಮೇಲಾಗಿ ಇತ್ತೋ ಹಾಗೇ ಇಟ್ಟು ಒತ್ತಿದ್ದಾ, ಅಥವಾ ಅಡ್ಡ ಮಲಗಿಸಿಯಾ? ಅದರೊಳಗಿನ ತೂತುಗಳು ಎಲ್ಲ ದಿಕ್ಕಿಗೂ ಒಂದೇ ಹಾಗೆ ಇರುದಿಲ್ಲ ಅಲ್ವಾ?”

ನನಗೆ ಗೊತ್ತಿರಲಿಲ್ಲ. ಪಿಕಪ್‌ನಿಂದ ಇಳಿಸಿದ ಕಲ್ಲು ಹೇಗೆ ಕೈಗೆ ಬಂತೋ ಹಾಗೆ ಯಂತ್ರಕ್ಕೆ ಹೋಗಿತ್ತು. “ಅದು ಈ ಅಧ್ಯಯನದ ವ್ಯಾಪ್ತಿಯಲ್ಲಿ ಇಲ್ಲ,” ಎಂದೆ. ನನ್ನ ಕಿವಿಗೇ ಅದು ಅಂದು ಗದರಿದ ಮಾತಿನಂತೆಯೇ ಕೇಳಿಸಿತು. ಅವಳು ತಲೆಯಾಡಿಸಿ, ಏನನ್ನೋ ಬರೆದುಕೊಂಡಳು.

ಚಹಾದ ಹೊತ್ತಿಗೆ ಹುಡುಕಿಕೊಂಡು ಬಂದಳು. ನಾನೇ ಮೊದಲು ಹೇಳಿದೆ: “ತರಗತಿಯಲ್ಲಿ ನಿನಗೆ ಒಮ್ಮೆ ಜೋರು ಮಾಡಿದ್ದೆ. ಹಾಗೆ ಮಾಡಬಾರದಿತ್ತು.”

“ನೆನಪುಂಟು ಸರ್,” ಎಂದಳು. ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳೇ ಮುಂದುವರಿಸಿದಳು. “ಆದರೆ ಇವತ್ತು ಅದಕ್ಕಾಗಿ ಕೇಳಿದ್ದಲ್ಲ. ಮಹಾಪ್ರಬಂಧ ನೋಡುವವರು ಇದನ್ನೇ ಹಿಡಿತಾರೆ. ಈಗ ಗೊತ್ತಾದರೆ ಒಳ್ಳೆಯದಲ್ವಾ?”

ಹೌದು, ಒಳ್ಳೆಯದು. ಆದರೆ ಎರಡು ವರ್ಷದ ಕೆಲಸ. ಮನೆ ತಲುಪುವವರೆಗೂ ಅವಳ ಮೇಲೆ, ಪ್ರೊಜೆಕ್ಟರಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ ಉರಿಯುತ್ತಲೇ ಇದ್ದೆ.

ಮುಂದಿನ ವಾರ ಮತ್ತೆ ಕೋರೆಗೆ ಹೋದೆ. ಯಂತ್ರ ಕೊಯ್ದ ಪ್ರತಿ ಕಲ್ಲಿನ ಮೇಲ್ಭಾಗಕ್ಕೆ, ಅದನ್ನು ಎಬ್ಬಿಸುವ ಮೊದಲೇ, ಬಿಸಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಬಿಳಿ ಪೇಂಟ್ ಹಚ್ಚುತ್ತಾ ಹೋದೆ. ಕೋರೆಯ ಮೇಸ್ತ್ರಿ ತುಂಬ ಹೊತ್ತು ನೋಡಿದ.

“ಎಂತ ಮಾರಾಯ್ರೆ, ಕಲ್ಲಿಗೂ ತಲೆ ಕಾಲು ಉಂಟಾ?”

“ಉಂಟಂತೆ,” ಎಂದೆ. “ನಾನೂ ಈಗ ಕಲಿಯುದು.”

ಪರೀಕ್ಷೆ ಮುಗಿಯಲು ಎಂಟು ತಿಂಗಳು ಹಿಡಿಯಿತು. ಅಡ್ಡ ಮಲಗಿಸಿದ ಕಲ್ಲು ಬೇಗ ಒಡೆಯುತ್ತಿತ್ತು, ನೆನೆದರಂತೂ ಇನ್ನೂ ಬೇಗ. ಹಳೆಯ ಅಂಕಿಗಳನ್ನೆಲ್ಲ ಮಹಾಪ್ರಬಂಧದಿಂದ ತೆಗೆದುಹಾಕಿದೆ.